ಮುದ್ದೆ ಡಾಕ್ಟ್ರು

ನಮ್ಮ ಡಾಕ್ಟ್ರಮ್ಮ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಕನಕಪುರದ ಬಸ್‌ಸ್ಟ್ಯಾಂಡಿನ ಎದುರು ಕಟ್ಟಿದ್ದ ಫ್ಲೆಕ್ಸ್ ನೋಡಿ. ಅವರ ಹಳೆಯ ಫೋಟೋ, ಅದಕ್ಕೊಂದು ಹಾರ, ಅಡಿಯಲ್ಲಿ ‘ಶಾಂತಮೂರ್ತಿ, ಸಹನಾಮಯಿ, ಯಾರ ಮನಸ್ಸನ್ನೂ ಎಂದೂ ನೋಯಿಸದ ದಂತವೈದ್ಯೆ’ ಎಂದು ಬರೆದಿತ್ತು. ಅದರ ಕೆಳಗೆ ಶೋಕ ವ್ಯಕ್ತಪಡಿಸಿದ ಹಲ್ಲಿನ ಡಾಕ್ಟರುಗಳ ಸಾಲು. ಮೊದಲನೆಯ ಫೋಟೋ ಆತನದು. ಕೈಮುಗಿದುಕೊಂಡು ನಿಂತಿದ್ದ. ನಾನು ಅಲ್ಲೇ ನಿಂತು ಜೋರಾಗಿ ಬೈದುಬಿಟ್ಟೆ. ಪಕ್ಕದಲ್ಲಿ ಸೊಪ್ಪು ಮಾರುತ್ತಿದ್ದ ಹೆಂಗಸು, “ಯಾಕವ್ವ, ಸತ್ತೋರು ನಿಮ್ಗೆ ಬೇಕಾದೋರಾ?” ಎಂದಳು. ಬೈದದ್ದು ಸತ್ತವರನ್ನಲ್ಲ ಎಂದು ಅವಳಿಗೆ ವಿವರಿಸುವಷ್ಟು ತಾಳ್ಮೆ ನನಗಿರಲಿಲ್ಲ.

ಶಾಂತಮೂರ್ತಿಯಂತೆ! ಅಷ್ಟು ಸಿಟ್ಟು, ಅಷ್ಟು ವರ್ಷ ಹಗೆಯನ್ನು ಆರದಂತೆ ಇಟ್ಟುಕೊಳ್ಳುವ ತಾಕತ್ತು ಇದ್ದ ಇನ್ನೊಬ್ಬ ಹೆಂಗಸನ್ನು ನಾನು ಕಂಡಿಲ್ಲ. ಅದಕ್ಕೇ ಅವರು ನನಗೆ ಇಷ್ಟವಾದದ್ದು. ಇಲ್ಲದ ಒಳ್ಳೆಯತನವನ್ನು ಅವರ ಮೇಲೆ ಹೇರಿದರೆ ನನಗೆ ಸಹಿಸಲಾಗುವುದಿಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ, ಅರ್ಧ ಅವರ ಮೇಲಿನ ಪ್ರೀತಿಗೆ, ಇನ್ನರ್ಧ ಆ ಮೊದಲ ಫೋಟೋದಾತನಿಗೆ ಉರಿಯಲಿ ಎಂದು. ಹೆಸರು ಮಾತ್ರ ಹಾಕುವುದಿಲ್ಲ. ಅವರದ್ದು ಹಾಕಿದರೆ ಅವರಿಗೆ ಹಿಡಿಸುತ್ತಿರಲಿಲ್ಲ, ಆತನದು ಹಾಕಿದರೆ ಆತನಿಗೆ ಬಿಟ್ಟಿ ಪ್ರಚಾರ.

ಡಾಕ್ಟ್ರಮ್ಮ ಕುಳ್ಳಗಿದ್ದರು. ಕುರ್ಚಿಯ ಪಕ್ಕ ಒಂದು ಮಣೆ ಇಟ್ಟುಕೊಂಡು ಅದರ ಮೇಲೆ ನಿಂತೇ ಹಲ್ಲು ನೋಡುತ್ತಿದ್ದರು. ಊರು ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದ ಕಡೆ, ಬೇಸಾಯದ ಮನೆ. ಓದಿ ಡಾಕ್ಟರಾದ ಮೇಲೂ ಮಾತು ಒಂದಿಷ್ಟೂ ಬದಲಾಗಿರಲಿಲ್ಲ. ಕನಕಪುರದಲ್ಲಿ ಬೀಜ ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಅವರ ಕ್ಲಿನಿಕ್ಕು. ಮೆಟ್ಟಿಲು ಕಡಿದು. ವಯಸ್ಸಾದವರು ಏದುಸಿರು ಬಿಡುತ್ತ ಹತ್ತಿ ಬಂದು ಗೊಣಗಿದರೆ, “ನೋವಿರಾದು ಹಲ್ಲಾ ಕಾಲಾ?” ಎನ್ನುತ್ತಿದ್ದರು. ಬಾಯಿ ತೆಗೆಸುವ ಮೊದಲು ಅವರು ಎಲ್ಲರಿಗೂ ಕೇಳುತ್ತಿದ್ದ ಪ್ರಶ್ನೆ ಒಂದೇ: “ಏನುಂಡ್ಕಂಡು ಬಂದೆ?” ಬಂದವರು ಇದೇನೋ ಉಪಚಾರದ ಮಾತು ಎಂದುಕೊಳ್ಳುತ್ತಿದ್ದರು. ಅದು ಪರೀಕ್ಷೆಯ ಶುರು.

ಅವರ ಹಗೆಯ ವಿಚಾರಕ್ಕೆ ಒಂದು ಉದಾಹರಣೆ ಹೇಳಿಬಿಡುತ್ತೇನೆ. ಅವರ ಸೋದರಮಾವ, ಹೆಣ್ಣುಮಗಳು ಊರು ಬಿಟ್ಟು ಓದುವುದು ಬೇಡ ಎಂದು ಕಾಲೇಜಿನ ಅರ್ಜಿಯನ್ನು ಒಲೆಗೆ ಹಾಕಿದ್ದನಂತೆ. ಇವರು ಇನ್ನೊಂದು ಅರ್ಜಿ ತಂದು ಓದಿದರು. ಇಪ್ಪತ್ತು ಚಿಲ್ಲರೆ ವರ್ಷದ ಮೇಲೆ ಮಾವನ ಬಾಯಿ ಬೋಡಾಯಿತು. ಬೇರೆಯವರು ಮಾಡಿಕೊಟ್ಟ ಹಲ್ಲುಸೆಟ್ಟು ಯಾವುದೂ ಕೂರಲಿಲ್ಲ. ಕೊನೆಗೆ ಇವರ ಹತ್ತಿರವೇ ಬಂದ. ಇವರು ನಾಲ್ಕು ಸಲ ಅಳತೆ ತೆಗೆದು ಅಚ್ಚುಕಟ್ಟಾದ ಸೆಟ್ಟು ಮಾಡಿದರು. ಕೊಟ್ಟದ್ದು ಮಾತ್ರ ಕ್ಲಿನಿಕ್ಕಿನಲ್ಲಲ್ಲ, ನೆಂಟರೆಲ್ಲ ಸೇರಿದ್ದ ಒಂದು ನಾಮಕರಣದ ದಿನ. ಎಲ್ಲರೆದುರು ಹಲ್ಲು ತೊಡಿಸಿ, ಗಟ್ಟಿ ಚಕ್ಕುಲಿ ಕೈಗೆ ಕೊಟ್ಟು, “ಕಡಿ ಮಾವ” ಎಂದರು. ಆತ ಕಡಿದ. “ನೋವಾಯ್ತಾ?” “ಇಲ್ಲ ಕಣವ್ವ.” “ಯಾರು ಮಾಡ್ಕೊಟ್ಟಿದ್ದು ಅಂತ ಒಸಿ ಜೋರಾಗಿ ಹೇಳು, ಹಿಂದಿರೋರ್ಗೆ ಕೇಳ್ನಿಲ್ಲ.” ಆತ ಹೇಳಿದ. “ಅರ್ಜಿ ಸುಟ್ಟೋರು ಯಾರು ಅಂತ್ಲೂ ಹೇಳ್ಬುಡು.” ಅದನ್ನೂ ಹೇಳಿಸಿಯೇ ಬಿಟ್ಟರು. ಈ ಕತೆಯನ್ನು ನನಗೆ ಅವರೇ ಹೇಳಿದ್ದು. ಹೇಳುವಾಗ ಅವರ ಮುಖದಲ್ಲಿ ಎಷ್ಟು ಖುಷಿ ಇತ್ತೆಂದರೆ ನನಗೂ ಚಕ್ಕುಲಿ ತಿಂದಷ್ಟು ಹಿತವಾಯಿತು.

ಇನ್ನು ನನ್ನ ವಿಷಯ. ಎರಡು ಸಾವಿರ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಹಾರೋಹಳ್ಳಿಯಲ್ಲಿ ರಾಗಿ ಹೊಲವಿದ್ದ ಕಡೆಯೆಲ್ಲ ಶೆಡ್ಡುಗಳು ಏಳುತ್ತಿದ್ದವು. ನಮ್ಮೂರಿನಿಂದ ಹದಿನಾಲ್ಕು ಹೆಣ್ಣುಮಕ್ಕಳು ಅಲ್ಲಿನ ಒಂದು ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದೆವು. ನನ್ನದು ಶರ್ಟಿನ ಕಾಲರ್ ಹೊಲಿಯುವ ಕೆಲಸ. ಗಂಟೆಗೆ ಇಷ್ಟು ಪೀಸು ಎಂದರೆ ಇಷ್ಟು, ಮಾತಾಡಿದರೆ ಸೂಪರ್‌ವೈಸರ್ ಬಂದು ತಲೆಯ ಮೇಲೆ ನಿಲ್ಲುತ್ತಿದ್ದ. ಹೊತ್ತು ಹೋಗಲೆಂದು ನಾವೆಲ್ಲ ಹುರಿದ ಹುಣಸೆಬೀಜವನ್ನು ದವಡೆಯಲ್ಲಿ ಇಟ್ಟುಕೊಳ್ಳುತ್ತಿದ್ದೆವು. ನೆನೆದು ಮೆತ್ತಗಾಗುವ ತನಕ ಸುಮ್ಮನಿದ್ದು ಆಮೇಲೆ ಅಗಿಯಬೇಕು. ನನಗೆ ಆ ತಾಳ್ಮೆ ಇರಲಿಲ್ಲ, ಕಲ್ಲಿನಂತಿರುವಾಗಲೇ ಕಟಕ್ಕೆಂದು ಕಡಿಯುತ್ತಿದ್ದೆ. ಕಾರಣ ಅದೇ ಎಂದು ಆಗ ತಿಳಿದಿರಲಿಲ್ಲ.

ಎಡಗಡೆ ನೋವು ಶುರುವಾಯಿತು. ಅದು ಎಲ್ಲರಿಗೂ ಬರುವಂಥ ಹಲ್ಲುನೋವಲ್ಲ. ಇಡೀ ದಿನ ಏನೂ ಇರುವುದಿಲ್ಲ. ಟೀ ಬಿಡುವಿನಲ್ಲಿ ಕಡಲೆಯನ್ನೋ ನಿಪ್ಪಟ್ಟನ್ನೋ ಕಡಿದರೆ ಕರೆಂಟು ಹೊಡೆದಂತೆ ಒಂದು ಛಳಕು, ಕಣ್ಣಲ್ಲಿ ನೀರು, ಅಷ್ಟರಲ್ಲಿ ಮಾಯ. ಮೇಲಿನ ಹಲ್ಲೋ ಕೆಳಗಿನದೋ ಎಂದು ನನಗೇ ಗೊತ್ತಾಗುತ್ತಿರಲಿಲ್ಲ. ಫ್ಯಾಕ್ಟರಿಯವರು ಗೊತ್ತುಮಾಡಿದ್ದ ಹಲ್ಲಿನ ಡಾಕ್ಟರು ಕನಕಪುರದಲ್ಲೇ ಇದ್ದ, ಫ್ಲೆಕ್ಸಿನ ಮೊದಲ ಫೋಟೋದವನು. ಬೆಂಗಳೂರಿನಿಂದ ದಿನಾ ಕಾರಿನಲ್ಲಿ ಬರುತ್ತಿದ್ದ. ಗಾಜಿನ ಬಾಗಿಲು, ಒಳಗೆ ಮೀನಿನ ತೊಟ್ಟಿ. ಎಕ್ಸ್‌ರೇ ತೆಗೆದ, ಏನೂ ಕಾಣಲಿಲ್ಲ. ಮೇಲಿನ ಒಂದು ಹಲ್ಲನ್ನು ಕುಟ್ಟಿ “ಇದೇನಾ?” ಎಂದ. ನಾನು “ಇರ್ಬೇಕು ಸಾರ್” ಎಂದೆ. ಕಿತ್ತು ಬಕೆಟ್ಟಿಗೆ ಹಾಕಿದ. ಹದಿನೈದು ದಿನಕ್ಕೆ ನೋವು ಹಾಗೇ ವಾಪಸ್ಸು ಬಂತು.

ಎರಡನೇ ಸಲ ಹೋದಾಗ ಆತನಿಗೆ ನನ್ನ ಮುಖ ಕಂಡೇ ಬೇಜಾರಾಯಿತು. “ಊಟ ಮಾಡುವಾಗ ನೋವಾಗುತ್ತಾ?” ಎಂದು ಕೇಳಿದ. ನಾನು ನಿಜ ಹೇಳಿದೆ. “ಇಲ್ಲ ಸಾರ್, ಊಟಕ್ಕೇನೂ ತೊಂದ್ರೆ ಇಲ್ಲ.” ಆತ ನಕ್ಕು, ಫ್ಯಾಕ್ಟರಿಗೆ ಒಂದು ಚೀಟಿ ಬರೆದುಕೊಟ್ಟ. ‘ಹಲ್ಲಿನಲ್ಲಿ ದೋಷವಿಲ್ಲ. ಊಟಕ್ಕೆ ತೊಂದರೆಯಿಲ್ಲ. ರಜೆಗಾಗಿ ನೋವಿನ ನೆಪ.’ ಸೂಪರ್‌ವೈಸರ್ ಅದನ್ನು ಹೊಲಿಗೆ ಸಾಲಿನ ಮಧ್ಯೆ ನಿಂತು ಎಲ್ಲರಿಗೂ ಓದಿ ಹೇಳಿದ. ನಾಳೆಯಿಂದ ಬರಬೇಡ ಎಂದ. ಊರಿಗೆ ಬಸ್ಸು ಸೇರುವಷ್ಟರಲ್ಲಿ ಸುದ್ದಿ ಮುಂದೆ ಓಡಿತ್ತು. “ನಾಟಕದೋಳು ಬಂದ್ಲು ಕಣ್ಲಾ” ಎಂದು ಅರಳಿಕಟ್ಟೆಯಲ್ಲಿ ಗಂಡಸರು ನಕ್ಕರು. ಅಪ್ಪ ಒಂದು ವಾರ ಮಾತು ಬಿಟ್ಟ. ಕೆಲಸ ಹೋದದ್ದಕ್ಕಿಂತ ಹೆಚ್ಚಾಗಿ, ಆ ಮೂರು ಸಾಲು ನನ್ನನ್ನು ಸುಳ್ಳಿ ಮಾಡಿದ್ದು ನನಗೆ ಉರಿಯುತ್ತಿತ್ತು. ಅದೇ ಕೈಯಲ್ಲಿ ಆತ ಅದನ್ನು ತಪ್ಪೆಂದು ಬರೆಯಬೇಕು, ಅದರ ಹೊರತು ನನಗೆ ಬೇರೇನೂ ಬೇಕಿರಲಿಲ್ಲ.

ಡಾಕ್ಟ್ರಮ್ಮನ ಹತ್ತಿರ ನನ್ನನ್ನು ಎಳೆದುಕೊಂಡು ಹೋದದ್ದು ನಮ್ಮಕ್ಕ. ನಾನು ಅಳುತ್ತ ಎಲ್ಲ ಹೇಳಿದೆ. ಅವರು ಮಣೆಯ ಮೇಲೆ ನಿಂತು ಕೇಳಿಸಿಕೊಂಡರು.

“ಮೂರೊತ್ತೂ ಏನುಣ್ತೀಯಮ್ಮಿ?”

“ಮುದ್ದೆ.”

“ಮುದ್ದೆನ ಅಗೀತೀಯಾ?”

“ಅಯ್ಯೋ ಇಲ್ಲ. ನುಂಗ್ತೀನಿ.”

“ಅಂಗಾರೆ ಊಟದಾಗೆ ನೋವು ಎಲ್ಲಿಂದ ಬತ್ತದೆ?” ಎಂದವರೇ ಅಕ್ಕನ ಕಡೆ ತಿರುಗಿದರು. “ಕೇಳುದ್ಯಾ? ಮುದ್ದೆಗೆ ಹಲ್ಲು ತಾಗಾಕೇ ಇಲ್ಲ ಅಂತ ಗೊತ್ತಿಲ್ದಿರೋ ನನ್ಮಗ ಕನಕಪುರದಾಗೆ ಹಲ್ಲು ನೋಡ್ತಾವ್ನೆ. ಅವ್ನು ನನ್ಗೆ ಮುದ್ದೆ ಡಾಕ್ಟ್ರು ಅಂತ ಹೆಸ್ರಿಟ್ಟವ್ನೆ, ಗೊತ್ತಾ?”

ಅದು ನಿಜ. ಆತ ತನ್ನಲ್ಲಿಗೆ ಬರುವ ಹಳ್ಳಿಯವರಿಗೆ, ಫೀಸು ಜಾಸ್ತಿಯಾಯಿತೆಂದರೆ ಮುದ್ದೆ ಡಾಕ್ಟ್ರ ಹತ್ತಿರ ಹೋಗಿ ಎಂದು ಹೇಳುತ್ತಿದ್ದನಂತೆ.

ಆಮೇಲೆ ಅವರು ಐಸ್‌ಕ್ರೀಮಿನದರಂಥ ಒಂದು ಮರದ ಕಡ್ಡಿ ತೆಗೆದರು. ಒಂದೊಂದೇ ಹಲ್ಲಿನ ಒಂದೊಂದೇ ಮೂಲೆಯ ಮೇಲೆ ಅದನ್ನಿಟ್ಟು “ಕಚ್ಚು” ಎನ್ನುವರು, ಒಂದು ಗಳಿಗೆ ಬಿಟ್ಟು “ಬುಡು” ಎನ್ನುವರು. ಕೆಳಗಿನ ದವಡೆಯ ಹಿಂದಿನಿಂದ ಎರಡನೆಯ ಹಲ್ಲಿಗೆ ಬಂದಾಗ, ಕಚ್ಚಿದಾಗಲ್ಲ, ಬಿಟ್ಟಾಗ ನಾನು ಚೀರಿದೆ. ಅವರು ಕೋಣೆಯ ದೀಪ ಆರಿಸಿ ಒಂದು ಸಣ್ಣ ಟಾರ್ಚನ್ನು ಹಲ್ಲಿನ ಪಕ್ಕಕ್ಕೆ ಹಿಡಿದರು. ಒಳ್ಳೆಯ ಹಲ್ಲಾದರೆ ಬೆಳಕು ಆಚೆ ತನಕ ಹಾಯುತ್ತದಂತೆ. ನನ್ನದರಲ್ಲಿ ಅರ್ಧಕ್ಕೇ ನಿಂತಿತು. ಕೊನೆಗೆ ಹತ್ತಿಯಲ್ಲಿ ನೀಲಿ ಬಣ್ಣ ಸವರಿ, ತೊಳೆದು, ಕನ್ನಡಿ ಹಿಡಿದು ತೋರಿಸಿದರು. ಹಲ್ಲಿನ ನೆತ್ತಿಯ ಮೇಲೆ ಕೂದಲೆಳೆಯಷ್ಟು ತೆಳ್ಳನೆಯ ನೀಲಿ ಗೆರೆ. ನಾನು ಅತ್ತುಬಿಟ್ಟೆ. ನನ್ನ ನೋವನ್ನು ನಾನೇ ಮೊದಲ ಸಲ ಕಣ್ಣಾರೆ ಕಂಡಿದ್ದೆ.

“ಇದು ಎರಡು ಹೋಳಾಗಿಲ್ಲ, ಆಗೋ ದಾರೀಲೈತೆ” ಎಂದರು. “ಕಚ್ಚಿದಾಗ ಸೀಳು ಒಸಿ ಬಾಯಿ ಬುಡ್ತದೆ. ಬುಟ್ಟಾಗ ಪಟಕ್ಕಂತ ಮುಚ್ಕತದೆ, ಆಗ ಒಳಗಿನ ನರಕ್ಕೆ ಏಟು. ಇಷ್ಟು ಸಣ್ದು ಎಕ್ಸ್‌ರೇಗೆ ಸಿಕ್ಕಾಕಿಲ್ಲ. ಇವತ್ತೇ ಸುತ್ತ ಒಂದು ರಿಂಗು ಹಾಕಿ ಬಿಗೀಬೇಕು, ಪೀಪಾಯಿಗೆ ಪಟ್ಟಿ ಹೊಡೀತಾರಲ್ಲ ಅಂಗೆ. ನೋವು ನಿಂತ್ರೆ ಕ್ಯಾಪು. ಬೇರಿನ ಗಂಟ ಇಳೀತು ಅಂದ್ರೆ ಕೀಳೋದೊಂದೇ ದಾರಿ.”

ಡಬ್ಬಿಯಿಂದ ಸ್ಟೀಲಿನ ರಿಂಗು ತೆಗೆದರು. ಅಳತೆ ನೋಡಿದರು. ಆಮೇಲೆ “ಆ ಚೀಟಿ ತಂದಿದ್ದೀಯಾ?” ಎಂದರು. ಕೊಟ್ಟೆ. ಓದಿದರು. ಅವರ ಮೂಗಿನ ಹೊಳ್ಳೆ ಅಗಲವಾದದ್ದನ್ನು ನಾನು ನೋಡಿದೆ.

“ರಿಂಗು ಹಾಕ್ಬುಟ್ರೆ ಗೆರೆ ಮುಚ್ಚೋಯ್ತದೆ” ಎಂದರು, ತಮಗೆ ತಾವೇ.

ನಾನು ಅವರ ಸೆರಗು ಹಿಡಿದುಕೊಂಡೆ. “ಅವ್ನಿಗೆ ತೋರುಸ್ಬೇಕು ಡಾಕ್ಟ್ರಮ್ಮ. ತೋರ್ಸಿ ಆಮ್ಯಾಕೆ ಹಾಕಿ.”

ಅವರು ಬಹಳ ಹೊತ್ತು ಆ ರಿಂಗನ್ನು ಬೆರಳ ತುದಿಯಲ್ಲಿ ತಿರುಗಿಸುತ್ತ ನಿಂತರು. ಯಾವ ರೋಗಿಯನ್ನೂ ಅರ್ಧ ಕೆಲಸಕ್ಕೆ ಕುರ್ಚಿಯಿಂದ ಇಳಿಸಿದವರಲ್ಲ. ಅಂದು ರಿಂಗು ಡಬ್ಬಿಗೆ ವಾಪಸ್ಸು ಹೋಯಿತು. “ನಾಳೆ ಹತ್ತು ಗಂಟೆಗೆ ಬಾ. ಅವ್ನ ಕ್ಲಿನಿಕ್ಕಿಗೆ ಹೋಗಿ ತೋರ್ಸಿ, ವಾಪಸ್ ಬಂದೇಟ್ಗೆ ಹಾಕ್ತೀನಿ. ಅಲ್ಲೀಗಂಟ ಆ ಕಡೇಲಿ ಏನೂ ಅಗೀಬ್ಯಾಡ” ಎಂದರು.

ಮರುದಿನ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದೆವು. ಹೊರಗೆ ಐದಾರು ಜನ ಕಾಯುತ್ತಿದ್ದರು. ಡಾಕ್ಟ್ರಮ್ಮ ಒಳಕೋಣೆಯ ಬಾಗಿಲನ್ನು ಬೇಕೆಂದೇ ಮುಚ್ಚಲಿಲ್ಲ.

“ಓಹೋ, ಏನು ಇಷ್ಟು ದೂರ?” ಎಂದ ಆತ.

“ಪಾಠ ಹೇಳ್ಕೊಡಾಕೆ ಬಂದೆ” ಎಂದು ಇವರು ನನ್ನನ್ನು ಆತನ ಕುರ್ಚಿಯಲ್ಲೇ ಕೂರಿಸಿ, ಬಣ್ಣ ಸವರಿ ತೋರಿಸಿದರು.

ಆತ ಬಗ್ಗಿ ನೋಡಿದ. ನೋಡಿದ್ದು ಆತನ ಮುಖದಲ್ಲಿ ಗೊತ್ತಾಯಿತು. ಆದರೂ ಕೈಗವಸು ಸರಿಮಾಡಿಕೊಳ್ಳುತ್ತ, “ಇಂಥ ಗೆರೆ ಎಷ್ಟೋ ಜನಕ್ಕೆ ಇರುತ್ತೆ ಮೇಡಂ, ನೋವಿರಲ್ಲ. ಅದೂ ಅಲ್ಲದೆ ನಾನು ನೋಡಿದಾಗ ಇರಲಿಲ್ಲ. ಆಮೇಲೆ ಏನನ್ನೋ ಕಡಿದು ಮಾಡಿಕೊಂಡಿದ್ದಾಳೆ” ಎಂದ. ಆಮೇಲೆ ಕಡ್ಡಿಯೊಂದನ್ನು ತಾನೇ ತೆಗೆದು ಆ ಹಲ್ಲಿನ ಮೇಲಿಟ್ಟ. “ಕಚ್ಚಮ್ಮ, ನೋಡೋಣ ಎಷ್ಟು ನೋವು ಅಂತ.”

ಡಾಕ್ಟ್ರಮ್ಮ ನನ್ನ ದವಡೆಯ ಕೆಳಗೆ ಅಂಗೈ ಕೊಟ್ಟು ಹಿಡಿದಿದ್ದರು. “ಮೆಲ್ಲಗೆ” ಎಂದರು.

“ಜೋರಾಗಿ ಕಚ್ಚಮ್ಮ” ಎಂದ ಆತ. “ಇಲ್ಲೂ ನಾಟಕ ಬೇಡ.”

ಆ ಮಾತಿಗೆ ಹೊರಗೆ ಕೂತಿದ್ದವರಲ್ಲಿ ಯಾರೋ ಕಿಸಕ್ಕೆಂದರು. ನನಗೆ ಸೂಪರ್‌ವೈಸರ್ ಓದಿದ್ದು ನೆನಪಾಯಿತು, ಬಕೆಟ್ಟಿಗೆ ಬಿದ್ದ ನನ್ನ ಒಳ್ಳೆಯ ಹಲ್ಲು ನೆನಪಾಯಿತು. ಮೆಲ್ಲಗೆ ಕಚ್ಚಿದರೆ ಹಲ್ಲು ಉಳಿಯುತ್ತದೆ, ಆತನ ಮಾತೂ ಉಳಿಯುತ್ತದೆ. ಏನಾಗುತ್ತದೆಂದು ತಿಳಿದೇ, ಒಂದು ಸಲ ಉಸಿರೆಳೆದುಕೊಂಡು, ಮೈಯಲ್ಲಿದ್ದ ಬಲವನ್ನೆಲ್ಲ ದವಡೆಗೆ ತಂದು ಕಚ್ಚಿದೆ. ಟಕ್ ಎಂದಿತು. ಆ ಸದ್ದು ಹೊರಗಿನವರಿಗೂ ಕೇಳಿಸಿತೆಂದು ಆಮೇಲೆ ಹೇಳಿದರು. ನನ್ನ ಕಿರುಚಾಟವಂತೂ ಬೀದಿಗೇ ಕೇಳಿಸಿರಬೇಕು.

ಹಲ್ಲು ಬೇರಿನವರೆಗೂ ಎರಡು ಹೋಳಾಗಿತ್ತು. ಆತ ಗೋಡೆಗೆ ಒರಗಿ ನಿಂತುಬಿಟ್ಟ. ಡಾಕ್ಟ್ರಮ್ಮನ ಮುಖ ಒಂದು ಗಳಿಗೆ ಬೂದಿಯಂತಾಯಿತು, ಅಷ್ಟೇ. “ಇಂಜೆಕ್ಷನ್ ಎಲ್ಲೈತೆ? ಇಕ್ಕಳ ಕೊಡು” ಎಂದು ಆತನಿಗೇ ಹುಕುಂ ಮಾಡಿದರು. ಆತನ ಸ್ಟೂಲನ್ನು ಕಾಲಲ್ಲಿ ಸರಿಸಿ, ಆತನದೇ ಸಾಮಾನಿನಲ್ಲಿ, ಆತನ ಕುರ್ಚಿಯಲ್ಲೇ ಎರಡು ಹೋಳನ್ನೂ ತೆಗೆದರು. ರಕ್ತ ನಿಲ್ಲಲು ಹತ್ತಿ ಇಟ್ಟು, ಹೋಳುಗಳನ್ನು ತೊಳೆದು ಆತನ ಮೇಜಿನ ಮೇಲಿಟ್ಟರು.

“ಈಗ ಸೀಳಿರೋ ಕಡೆ ಬೆಳ್ಳಗೈತೆ. ನೀಲಿ ನಾನು ಬಳ್ದಿದ್ದು. ಈ ನೆತ್ತಿಯಿಂದ ಅರ್ಧದ ಗಂಟ ಕಂದುಬಣ್ಣ ಕೂತೈತಲ್ಲ, ಇದು ಯಾವಾಗಿಂದು? ನಿನ್ನೆ ಬಿದ್ದ ಸೀಳಿಗೆ ಕರೆ ಕೂರ್ತದಾ?”

ಆತ ಒಂದು ಹೋಳನ್ನು ಎತ್ತಿ ಬೆಳಕಿಗೆ ಹಿಡಿದ.

“ತಿಂಗಳುಗಟ್ಲೆ ಸಾರು, ಟೀ ಇಳ್ದಿರೋ ಸೀಳು ಇದು. ನೀನು ಚೀಟಿ ಬರ್ದಾಗಲೂ ಇತ್ತು, ಮೇಲಿನ ಹಲ್ಲು ಕಿತ್ತಾಗಲೂ ಇತ್ತು. ಬರಿ.”

ಬಾಗಿಲಲ್ಲಿ ಈಗ ಐದಾರು ಮುಖಗಳಿದ್ದವು. ಆತ ಕೂತು ಬರೆದ. ಮೊದಲ ಸಲ ‘ಕಣ್ತಪ್ಪಿರಬಹುದು’ ಎಂದು ಬರೆದದ್ದನ್ನು ಡಾಕ್ಟ್ರಮ್ಮ ಹರಿದು ಹಾಕಿದರು. ಎರಡನೆಯದು ಸರಿಯಾಗಿತ್ತು. ‘ರೋಗಿಯ ನೋವು ನಿಜ. ಸೀಳನ್ನು ಗುರುತಿಸದೆ ಬೇರೆ ಹಲ್ಲು ಕಿತ್ತದ್ದು ನನ್ನ ತಪ್ಪು. ನೆಪ ಎಂದು ಬರೆದದ್ದು ಸುಳ್ಳು.’ ಕೆಳಗೆ ಸಹಿ, ಸೀಲು.

ಆ ಕಾಗದವನ್ನು ಹತ್ತು ಜೆರಾಕ್ಸ್ ಮಾಡಿಸಿದೆ. ಒಂದನ್ನು ಸೂಪರ್‌ವೈಸರ್ ಕೈಗೆ ಕೊಟ್ಟು, ಅದೇ ಸಾಲಿನ ಮಧ್ಯೆ ನಿಲ್ಲಿಸಿ ಓದಿಸಿದೆ. ಮ್ಯಾನೇಜರು ಕೆಲಸಕ್ಕೆ ವಾಪಸ್ಸು ಕರೆದರು, ಹೋದೆ. ಅರಳಿಕಟ್ಟೆಯ ಗಂಡಸರಿಗೂ ಒಂದು ಕೊಟ್ಟೆ. ಅಪ್ಪನ ಮುಂದೆ ಒಂದನ್ನು ಇಟ್ಟೆ, ಅಪ್ಪ ಓದಿ ಕಣ್ಣೊರೆಸಿಕೊಂಡ. ಆ ಒಂದು ವಾರದಷ್ಟು ಸುಖವನ್ನು ನಾನು ಜೀವನದಲ್ಲಿ ಆಮೇಲೆ ಕಂಡಿಲ್ಲ ಎಂದರೆ ನನ್ನ ಮಕ್ಕಳು ಬೇಸರ ಮಾಡಿಕೊಳ್ಳುತ್ತಾರೆ, ಆದರೂ ನಿಜ.

ಡಾಕ್ಟ್ರಮ್ಮ ಮಾತ್ರ ಸುಖಪಡಲಿಲ್ಲ. ಕಟ್ಟು ಹಲ್ಲು ಹಾಕುತ್ತೇನೆಂದರು, ನಾನು ಬೇಡವೆಂದೆ. ಮೇಲೊಂದು ಕೆಳಗೊಂದು ಖಾಲಿ ಜಾಗ ನನಗೆ ಬೇಕಿತ್ತು. ಪೇಟೆಯಲ್ಲಿ ಆತ ಎದುರಾದರೆ ಈಗಲೂ ಬಾಯಿ ಅಗಲಿಸಿ ನಗುತ್ತೇನೆ, ಆತ ರಸ್ತೆ ದಾಟಿಬಿಡುತ್ತಾನೆ. ಅವರಿಗೆ ಆ ಜಾಗ ನೋಡಲಾಗುತ್ತಿರಲಿಲ್ಲ. ವರ್ಷಕ್ಕೊಮ್ಮೆ ಹಲ್ಲು ತೋರಿಸಲು ಹೋದಾಗಲೆಲ್ಲ, “ಅವತ್ತೇ ರಿಂಗು ಹಾಕ್ಬೇಕಾಗಿತ್ತು. ನನ್ನ ಹಟಕ್ಕೆ ನಿನ್ನ ಹಲ್ಲು ಹೋಯ್ತು” ಎಂದು ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಆಮೇಲಾಮೇಲೆ ಸೀಳಿದ ಹಲ್ಲು ಕಂಡರೆ ಹೆಸರು ಕೂಡ ಕೇಳದೆ ಮೊದಲು ರಿಂಗು ಬಿಗಿಯುತ್ತಿದ್ದರು. ಎಷ್ಟು ಕಾಳಜಿ ಎಂದು ಜನ ಹೊಗಳುತ್ತಿದ್ದರು. ಆ ಕಾಳಜಿ ಎಲ್ಲಿಂದ ಬಂತೆಂದು ನನಗೊಬ್ಬಳಿಗೇ ಗೊತ್ತಿತ್ತು.

ನಾನು ಬೇಕೆಂದೇ ಕಚ್ಚಿದ್ದನ್ನು ಅವರಿಗೆ ಹೇಳಿರಲಿಲ್ಲ. ಹೇಳಿದ್ದರೆ ಅವರ ಎದೆಯ ಭಾರ ಇಳಿಯುತ್ತಿತ್ತು. ಆದರೆ ನನ್ನೊಳಗೆ ಅವರ ಮೇಲೂ ಒಂದು ಚೂರು ಹಗೆ ಇತ್ತು. ಡಾಕ್ಟರಾದವರು, ನಾನು ಸೆರಗು ಹಿಡಿದೆನೆಂದು ರಿಂಗನ್ನು ಡಬ್ಬಿಗೆ ಹಾಕಬಹುದೇ? ಕೊರಗಲಿ ಎಂದು ಸುಮ್ಮನಿದ್ದೆ. ಹಗೆ ಸಾಧಿಸುವುದನ್ನು ಅವರಿಂದಲೇ ಚೆನ್ನಾಗಿ ಕಲಿತಿದ್ದೆ.

ಅವರು ಹಾಸಿಗೆ ಹಿಡಿದು ಊರಿಗೆ ಹೋಗಿದ್ದಾರೆಂದು ಕೇಳಿ ಎರಡು ತಿಂಗಳ ಹಿಂದೆ ನೋಡಲು ಹೋಗಿದ್ದೆ. ಜಗುಲಿಯಲ್ಲಿ ಬಿಸಿಲಿಗೆ ಮಂಚ ಹಾಕಿ ಮಲಗಿಸಿದ್ದರು. ನನ್ನನ್ನು ಕಂಡೊಡನೆ ಮತ್ತೆ ಅದೇ ಮಾತು ತೆಗೆದರು, ಅವತ್ತೇ ರಿಂಗು ಹಾಕಬೇಕಾಗಿತ್ತೆಂದು. ದನಿಯೇ ಹೊರಡುತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ.

“ಡಾಕ್ಟ್ರಮ್ಮ, ಅದು ತಾನಾಗಿ ಸೀಳ್ನಿಲ್ಲ. ನಾನೇ ಬೇಕಂತ ಕಚ್ಚಿ ಸೀಳ್ದೆ. ಇಷ್ಟ್ ವರ್ಸ ನಿಮ್ಗೆ ಹೇಳ್ನಿಲ್ಲ.”

ಅವರು ನನ್ನನ್ನೇ ನೋಡಿದರು. ಆಶ್ಚರ್ಯದ ಸುಳಿವೂ ಇರಲಿಲ್ಲ.

“ಗೊತ್ತು ಕಣಮ್ಮಿ” ಎಂದರು. “ನನ್ನ ಕೈ ನಿನ್ನ ದವಡೆ ಕೆಳಗೇ ಇತ್ತಲ್ಲ. ನೀನು ಉಸ್ರೆಳ್ಕಂಡು ಬಿಗಿ ಮಾಡ್ದೇಟ್ಗೇ ಗೊತ್ತಾಯ್ತು. ಬ್ಯಾಡ ಅನ್ನಾಕೆ ಟೈಮಿತ್ತು.”

“ಮತ್ತೆ ಯಾಕೆ ಅನ್ನಲಿಲ್ಲ?”



“ನೀನೆಲ್ಲಿ ಕಚ್ಚದೆ ಬುಟ್ಬುಡ್ತೀಯೋ ಅಂತ ಭಯವಾಯ್ತು” ಎಂದರು.